ಕೆಂಪು ಗುರುತಿನ ಮೂವತ್ತೆರಡು ಮಂದಿ

ಫೆಬ್ರವರಿ 3, ಸೋಮವಾರ

ಇಂದು ನೂರಾ ಎಂಬತ್ತು ಫೈಲು. ನಿನ್ನೆ ಭಾನುವಾರ ಮೂರು ಪರೀಕ್ಷೆ ನಡೆದಿವೆ. ಎಲ್ಲ ಕೆಲಸಕ್ಕೆ ಸೇರಿಸಿಕೊಳ್ಳುವ ಪರೀಕ್ಷೆಗಳು. ಜನ ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆಯುತ್ತಾರೆ, ಕ್ಯಾಮೆರಾ ಅವರನ್ನು ನೋಡುತ್ತಿರುತ್ತದೆ. ಕ್ಯಾಮೆರಾ ನೋಡಿದ್ದನ್ನು ಮರುದಿನ ನಾವು ನೋಡುತ್ತೇವೆ. ಆರು ವರ್ಷದಿಂದ ಇದೇ ಕೆಲಸ.

ಅನುಮಾನ ಬಂದ ಕಡೆ ಸಾಫ್ಟ್‌ವೇರ್ ಕೆಂಪು ಗುರುತು ಹಾಕಿರುತ್ತದೆ. ತಲೆ ಪಕ್ಕಕ್ಕೆ ತಿರುಗಿದರೆ ಒಂದು ಗುರುತು. ಹಿಂದೆ ಯಾರಾದರೂ ಓಡಾಡಿದರೆ ಇನ್ನೊಂದು. ಅದನ್ನು ನೋಡಿ, ಮೋಸ ಹೌದೋ ಅಲ್ಲವೋ ಎಂದು ನಾವು ಹೇಳಬೇಕು. ಒಂದು ಗುರುತಿಗೆ ಮಾತ್ರ ಹೇಳುವುದೇನೂ ಇಲ್ಲ — ‘ಹೊರದೇಶದ ನೆಟ್‌ವರ್ಕ್’. ಎಲ್ಲೋ ದೂರದ ಸರ್ವರ್ ಹಿಂದೆ ಅಡಗಿಕೊಂಡು ಬರೆದಿದ್ದಾರೆಂದು ಅರ್ಥ. ಅದು ಬಂದರೆ ನೇರ ರದ್ದು. ವಿಡಿಯೋ ತೆರೆಯಬೇಕಾಗಿಲ್ಲ. ಸುಸ್ತಾದ ದಿನ ಅಂಥ ಫೈಲು ಬಂದರೆ ಸಮಾಧಾನವೇ ಆಗುತ್ತದೆ, ಒಂದು ಬೇಗ ಮುಗಿಯಿತೆಂದು.

ಇಂದಿರಾನಗರದ ಆಫೀಸಿನಿಂದ ಕಗ್ಗದಾಸಪುರದ ಮನೆಗೆ ಒಂದೂಕಾಲು ಗಂಟೆ ಹಿಡಿಯಿತು. ರೈಲ್ವೆ ಗೇಟ್ ಹಾಕಿತ್ತು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತೆ. ಮುಚ್ಚಿದರೂ ಮುಖಗಳು. ಎಲ್ಲರೂ ಒಂದೇ ಥರ ಸ್ವಲ್ಪ ಕೆಳಗೆ ನೋಡುತ್ತಿರುತ್ತಾರೆ.

ಫೆಬ್ರವರಿ 5, ಬುಧವಾರ

ಬೆಳಗ್ಗೆ ಗೇಟಿನಲ್ಲಿ ಜಟ್ಟೆಪ್ಪ ತಡೆದ. ನಮ್ಮ ಸೆಕ್ಯುರಿಟಿ. ಸುರಪುರದವನು. ನಾನು ಲಿಂಗಸುಗೂರಿನವಳೆಂದು ತಿಳಿದಾಗಿನಿಂದ ನನ್ನನ್ನು ಊರ ಮಾತಿನಲ್ಲೇ ಮಾತಾಡಿಸುತ್ತಾನೆ.

“ಅಕ್ಕೋರ, ಆಕಿ ಮೂರು ದಿನಾತು ಬರಾಕತ್ತಿ. ಒಳಗ ಬಿಡಬ್ಯಾಡ ಅಂದಾರ. ಬಿಸಿಲಾಗ ಹಂಗs ನಿಂತಿರ್ತಾಳ. ನೀವರ ಒಂದು ಮಾತು ಆಡಿ ಕಳಸ್ರಿ.”

ಆಚೆ ಬದಿ ಟೀ ಅಂಗಡಿ ಹತ್ತಿರ ನಿಂತಿದ್ದಳು. ಕಪ್ಪು ಬುರ್ಖಾ, ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್. ಇಪ್ಪತ್ತೊಂಬತ್ತರ ಪ್ರಾಯ. ಹೆಸರು ಸಾಮಿಯಾ, ಮನೆ ಶಿವಾಜಿನಗರ. ಒಂದು ಸಣ್ಣ ಲ್ಯಾಬಿನಲ್ಲಿ ರಕ್ತಪರೀಕ್ಷೆ ಕೆಲಸ. ಕಲ್ಯಾಣ ನಗರದ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಡಿಸೆಂಬರ್ ಹದಿನೈದಕ್ಕೆ ನಮ್ಮಲ್ಲಿ ಪರೀಕ್ಷೆ ಬರೆದಿದ್ದಾಳೆ. ರದ್ದಾಗಿದೆ.

“ಐದು ಮೇಲ್ ಹಾಕ್ದೆ ಮೇಡಂ. ಐದಕ್ಕೂ ಒಂದೇ ಉತ್ತರ ಬಂತು. ಹೊರದೇಶದಿಂದ ಬರ್ದಿದೀರ ಅಂತಾರೆ. ನನ್ ಹತ್ರ ಪಾಸ್‌ಪೋರ್ಟೇ ಇಲ್ಲ.”

“ಮನೇಲಿ ಯಾವ ಇಂಟರ್ನೆಟ್?”

“ಗಲ್ಲಿಲಿ ಎಲ್ರೂ ಹಾಕ್ಸಿರೋದೇ. ಗುಲ್‌ಜಾರ್ ಬ್ರಾಡ್‌ಬ್ಯಾಂಡ್. ಕೇಬಲ್‌ನೋರು.” ಆಮೇಲೆ ಅಂದಳು, “ಮೇ ತಿಂಗಳಿಗೆ ಮೂವತ್ತು ತುಂಬತ್ತೆ ಮೇಡಂ. ಆಮೇಲೆ ಈ ಪೋಸ್ಟ್‌ಗೆ ಅರ್ಜೀನೇ ಹಾಕೋಕಾಗಲ್ಲ. ಮಾರ್ಚ್ ಹತ್ತಕ್ಕೆ ಫೈನಲ್ ಲಿಸ್ಟ್.”

ನಾನು ಯಾವ ಸೆಕ್ಷನ್ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ನೋಡ್ತೀನಿ ಎಂದೆ. ಒಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟಳು. ಹೊರದೇಶದಿಂದ ಅಡಗಿ ಬರೆಯುವವರು ಹೀಗೆ ಮೂರು ದಿನ ಬಿಸಿಲಿನಲ್ಲಿ ನಿಲ್ಲುತ್ತಾರೆಯೇ...

ಫೆಬ್ರವರಿ 6, ಗುರುವಾರ

ಅವಳ ಫೈಲು ತೆರೆದೆ. ರದ್ದು ಮಾಡಿದವರ ಐಡಿ — ನನ್ನದು. ಡಿಸೆಂಬರ್ ಹದಿನಾರು, ಬೆಳಗ್ಗೆ 11.42. ಫೈಲು ತೆರೆದಿದ್ದ ಅವಧಿ ನಲವತ್ತು ಸೆಕೆಂಡ್.

ಏನೂ ನೆನಪಿಲ್ಲ. ಆ ದಿನ ಏನು ತಿಂದೆ ಎನ್ನುವುದೂ ನೆನಪಿಲ್ಲ.

ಊಟದ ಬಿಡುವಿನಲ್ಲಿ ವಿಡಿಯೋ ಹಾಕಿದೆ. ಆಮೇಲೂ ನಿಲ್ಲಿಸಲಾಗಲಿಲ್ಲ, ಪೂರ್ತಿ ಎರಡು ಗಂಟೆ ನೋಡಿದೆ. ಸಣ್ಣ ಕೋಣೆ, ಹಸಿರು ಗೋಡೆ. ಅವಳ ಅಮ್ಮ ಹೊಸ್ತಿಲ ಮೇಲೆ, ಅವಳಿಗೆ ಬೆನ್ನು ಹಾಕಿ ಕೂತಿದ್ದಾರೆ. ಯಾರೂ ಒಳಗೆ ಬಾರದಂತೆ ಕಾವಲು. ಎರಡು ಗಂಟೆಯಲ್ಲಿ ಒಮ್ಮೆಯೂ ಹಿಂದೆ ತಿರುಗಲಿಲ್ಲ ಆ ಹೆಂಗಸು. ಹೊರಗೆ ಯಾರೋ ಸೊಪ್ಪು ಮಾರುತ್ತಿದ್ದಾರೆ. ಸಾಮಿಯಾ ತಲೆ ಎತ್ತಲಿಲ್ಲ. ತಲೆ, ಕಣ್ಣು, ಧ್ವನಿ — ಯಾವುದಕ್ಕೂ ಗುರುತಿಲ್ಲ. ಇರುವುದು ಒಂದೇ, ನೆಟ್‌ವರ್ಕಿನದು. ಅವಳ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಅವಳ ಲೈನಿನ ನಂಬರ್, ಯುರೋಪಿನ ಯಾವುದೋ ಸರ್ವರ್ ಕಂಪನಿಯದೆಂದು ಸಾಫ್ಟ್‌ವೇರ್ ನೋಡುವ ನಮ್ಮ ಪಟ್ಟಿ ಹೇಳುತ್ತದೆ.

ಮೂವತ್ತೊಂದು ಫೈಲು ಬಾಕಿ ಉಳಿಯಿತು. ಮೊದಲ ಸಲ.

ಫೆಬ್ರವರಿ 7, ಶುಕ್ರವಾರ

ಕೆಳಗಿನ ಮಹಡಿಗೆ ಹೋಗಿ ದೀಪುವನ್ನು ಕೇಳಿದೆ. ನಮ್ಮ ನೆಟ್‌ವರ್ಕ್ ನೋಡಿಕೊಳ್ಳುವವನು. ವಿಳಾಸ ಬರೆದ ಚೀಟಿ ಕೊಟ್ಟು, ಇದು ಯಾರದ್ದು ಹೇಳು ಎಂದೆ.

“ಯಾರ್ದು ಅಂದ್ರೆ ಎರಡು ಪ್ರಶ್ನೆ ಆಯ್ತು ಮೇಡಂ,” ಎಂದ. “ಮನೆ ಖಾತಾ ಯಾರ ಹೆಸರಲ್ಲಿದೆ ಅನ್ನೋದು ಒಂದು. ಆ ಮನೇಲಿ ಈಗ ಯಾರಿದಾರೆ ಅನ್ನೋದು ಇನ್ನೊಂದು. ನಿಮ್ ಪಟ್ಟಿ ಖಾತಾ ನೋಡತ್ತೆ. ಅದೂ ಹಳೇ ಖಾತಾ.”

“ಮನೇಲಿರೋರು ಗೊತ್ತಾಗೋದು ಹೇಗೆ?”

“ಇಂಟರ್ನೆಟ್‌ನಲ್ಲಿ ಪ್ರತಿಯೊಂದು ನೆಟ್‌ವರ್ಕೂ ಸಾರಿ ಹೇಳ್ತಾ ಇರ್ಬೇಕು — ಈ ಈ ಅಡ್ರೆಸ್‌ಗೆ ಏನೇ ಬಂದ್ರೂ ನನ್ ಹತ್ರ ಕಳ್ಸಿ, ಅವರು ನಮ್ಮಲ್ಲಿದಾರೆ ಅಂತ. ಸಾರದೇ ಇದ್ರೆ ಏನೂ ತಲುಪಲ್ಲ. ಹಾಗಾಗಿ ಬಚ್ಚಿಡೋಕಾಗಲ್ಲ. ಯಾರ್ ಬೇಕಾದ್ರೂ ನೋಡ್ಬಹುದು.”

ಒಂದು ಸೈಟ್ ತೆರೆದ. ಲಾಗಿನ್ ಇಲ್ಲ, ಏನಿಲ್ಲ. ವಿಳಾಸ ಹಾಕಿದ. ಎರಡು ಸೆಕೆಂಡು. ಒಂದು ನಂಬರ್, ಪಕ್ಕದಲ್ಲಿ ಹೆಸರು — ಗುಲ್‌ಜಾರ್ ಬ್ರಾಡ್‌ಬ್ಯಾಂಡ್, ಶಿವಾಜಿನಗರ, ಬೆಂಗಳೂರು.

“ಯಾವಾಗಿಂದ?”

ಇನ್ನೊಂದು ಪುಟ ತೆರೆದ. “ಹೋದ್ ವರ್ಷ ಜುಲೈ ಹದಿನಾಲ್ಕರಿಂದ ಇವರೇ ಸಾರ್ತಿರೋದು. ಯುರೋಪಿನೋರು ಬಾಡಿಗೆಗೆ ಕೊಟ್ಟಿರ್ಬೇಕು. ಹೊಸಾ ಅಡ್ರೆಸ್ ಎಲ್ಲೂ ಸಿಗಲ್ವಲ್ಲ, ಸಣ್ಣೋರೆಲ್ಲ ಹೀಗೇ ಮಾಡೋದು. ಇದೊಂದೇ ಅಲ್ಲ ಮೇಡಂ, ಸಾವಿರ ಅಡ್ರೆಸ್ ಮೇಲಿದೆ ಈ ಗುಂಪಲ್ಲಿ.”

ಎರಡು ಸೆಕೆಂಡು. ನಾನು ನಲವತ್ತು ತೆಗೆದುಕೊಂಡಿದ್ದೆ, ಅದರಲ್ಲಿ ಇದನ್ನು ಇಪ್ಪತ್ತು ಸಲ ನೋಡಬಹುದಿತ್ತು. ನೋಡಬೇಕೆಂದು ಯಾರೂ ಹೇಳಿರಲಿಲ್ಲ, ನಿಜ. ನಾನೂ ಕೇಳಿರಲಿಲ್ಲ.

ಫೆಬ್ರವರಿ 8, ಶನಿವಾರ

ಅರ್ಧ ದಿನ ರಜೆ ಹಾಕಿ ಶಿವಾಜಿನಗರಕ್ಕೆ ಹೋದೆ. ಬಟ್ಟೆ ಅಂಗಡಿಯೊಂದರ ಮೇಲೆ ಗುಲ್‌ಜಾರ್ ಬ್ರಾಡ್‌ಬ್ಯಾಂಡ್. ಕಡಿದಾದ ಮೆಟ್ಟಿಲು. ಒಂದು ಕೋಣೆಯಲ್ಲಿ ಗುಂಯ್‌ಗುಡುವ ಡಬ್ಬಿಗಳು, ಇನ್ನೊಂದರಲ್ಲಿ ಮಾಲೀಕ ಕಲೀಮುಲ್ಲಾ. ಅರವತ್ತರ ಹತ್ತಿರ. ಮೊದಲು ಟಿವಿ ಕೇಬಲ್ ಎಳೆಯುತ್ತಿದ್ದರಂತೆ. ಕನ್ನಡಕ ಹಣೆ ಮೇಲೆ.

ವಿಷಯ ಹೇಳಿದೆ.

“ಅಮ್ಮಾ, ನಮ್ ಕಸ್ಟಮರ್ಸು ದಿನಾ ಬೈತಾರೆ. ಯಾವ್ದೋ ಸೈಟು ತೆಗೆದ್ರೆ ಯಾವ್ದೋ ಭಾಷೆ ಬರತ್ತೆ. ಬ್ಯಾಂಕ್‌ನೋರು ಬ್ಲಾಕ್ ಮಾಡ್ತಾರೆ. ಅಡ್ರೆಸ್ ಹಳೇದು, ನಾವು ಬಾಡಿಗೆಗೆ ತಗೊಂಡಿದೀವಿ. ಪಟ್ಟಿ ಇಟ್ಕೊಂಡಿರೋ ಎಲ್ಲರಿಗೂ ಬರ್ದಿದೀನಿ, ಇದು ಈಗ ಬೆಂಗಳೂರಲ್ಲಿದೆ ಸ್ವಾಮಿ ಅಂತ. ಕೆಲವರು ಸರಿ ಮಾಡಿದ್ರು. ಹಳೇ ಪಟ್ಟಿ ಇಟ್ಕೊಂಡ್ ಕೂತಿರೋರಿಗೆ ನಾನೇನ್ ಮಾಡ್ಲಿ?”

ಡಿಸೆಂಬರ್ ಹದಿನೈದರಂದು ಆ ವಿಳಾಸ ಸಾಮಿಯಾ ಮನೆಯಲ್ಲಿತ್ತೇ ಎಂದು ಕೇಳಿದೆ.

“ಅದು ಹೇಳಲ್ಲ. ಕಸ್ಟಮರ್ ವಿಷಯ ಪೊಲೀಸ್ ಕಾಗದ ಇಲ್ದೆ ಕೊಡಲ್ಲ, ನೀವು ತಪ್ಪು ತಿಳ್ಕೋಬೇಡಿ. ಅಡ್ರೆಸ್ ನಮ್ದು, ಜುಲೈಯಿಂದ ನಾವೇ ಅನೌನ್ಸ್ ಮಾಡ್ತಿರೋದು, ಲೈನ್ ಎಲ್ಲಾ ಶಿವಾಜಿನಗರದಿಂದ ರಿಚರ್ಡ್ಸ್ ಟೌನ್‌ವರೆಗೂ ಇರೋದು — ಇಷ್ಟು ಲೆಟರ್‌ಹೆಡ್‌ನಲ್ಲಿ ಬರ್ಕೊಡ್ತೀನಿ. ಸಾಕಾಗತ್ತಾ?”

ಸಾಕು ಎಂದೆ. ಒಂದೊಂದೇ ಅಕ್ಷರ ಟೈಪ್ ಮಾಡಿ, ಮುದ್ರೆ ಹಾಕಿ ಕೊಟ್ಟರು.

ಫೆಬ್ರವರಿ 10, ಸೋಮವಾರ

ಮುನೀಂದ್ರ ಸರ್ ಪತ್ರವನ್ನು ಎರಡು ಸಲ ಓದಿದರು. ನಮ್ಮ ಸೆಕ್ಷನ್ ಹೆಡ್. ಕೆಟ್ಟವರಲ್ಲ. ನನಗಿಂತ ಹೆಚ್ಚು ಹೊತ್ತು ಆಫೀಸಿನಲ್ಲಿರುತ್ತಾರೆ.

“ಇದು ಒಬ್ಳದ್ದಾ?”

“ಇಲ್ಲ ಸರ್. ಆ ಅಡ್ರೆಸ್ ಗುಂಪೇ ಹಾಗಿದೆ. ಜುಲೈಯಿಂದ ಅಲ್ಲಿಂದ ಬರೆದೋರೆಲ್ಲರ್ದೂ ರದ್ದಾಗಿರತ್ತೆ.”

“ಎಷ್ಟು ಜನ?”

“ಎಣಿಸಿಲ್ಲ ಸರ್.”

“ಎಣಿಸ್ಬೇಡಿ.” ಕಣ್ಣು ಉಜ್ಜಿಕೊಂಡರು. “ಎಣಿಸಿದ್ರೆ ಕ್ಲೈಂಟ್‌ಗೆ ಹೇಳ್ಬೇಕಾಗತ್ತೆ ಶಾಂಭವಿ. ಒಬ್ರಿಗೆ ಹೇಳಿದ್ರೆ ಎಲ್ರೂ ಕೇಳ್ತಾರೆ. ಹೊಸ ಪಟ್ಟಿ ತರ್ಸೋಕೆ ನಾನೂ ಹೇಳಿ ಹೇಳಿ ಸಾಕಾಯ್ತು. ಏಪ್ರಿಲ್‌ಗೆ ಬರತ್ತಂತೆ. ಅಲ್ಲೀವರೆಗೂ ಸುಮ್ನಿದ್ಬಿಡಿ. ಮೇಲ್‌ನಲ್ಲಂತೂ ಏನೂ ಬರೀಬೇಡಿ.”

“ಆ ಹುಡುಗೀದು ಮಾರ್ಚ್ ಹತ್ತಕ್ಕೆ ಲಿಸ್ಟ್ ಸರ್.”

“ನಿಮ್ ಕಾಂಟ್ರಾಕ್ಟೂ ಮಾರ್ಚ್‌ನಲ್ಲೇ ಇದೆ,” ಎಂದರು. ಬೆದರಿಸುವ ಧ್ವನಿಯಲ್ಲ. ನೆನಪಿಸುವ ಧ್ವನಿ.

ಫೆಬ್ರವರಿ 13, ಗುರುವಾರ

ಶಾಲೆಗಳ ಸಂಸ್ಥೆಯ ಗಣಿತದ ಶಿಕ್ಷಕರ ಪರೀಕ್ಷೆ. ಹೆಸರು ನಯಾಜ್. ಅದೇ ಗುಂಪಿನ ವಿಳಾಸ, ಅದೇ ಕೆಂಪು ಗುರುತು. ಮುನೀಂದ್ರ ಸರ್ ಹಿಂದೆ ನಿಂತಿದ್ದರು.

ರದ್ದು ಒತ್ತಿದೆ.

ಫೆಬ್ರವರಿ 19, ಬುಧವಾರ

ಆರು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದಲ್ಲ. ಹದಿಮೂರರದನ್ನು ಮತ್ತೆ ನೋಡಬೇಕಾಗುತ್ತದೆಂದು ಪುಸ್ತಕ ಮುಟ್ಟಲಿಲ್ಲ. ಊಟ ಸೇರುತ್ತಿಲ್ಲ. ಮೊದಲಿನ ರದ್ದುಗಳೆಲ್ಲ ಗೊತ್ತಿಲ್ಲದೆ ಆದವು. ಇದು ಹಾಗಲ್ಲ.

ಇಂದು ಎಣಿಸಿದೆ. ಬಿಡುವಿನಲ್ಲಿ, ಊಟದ ಡಬ್ಬಿ ತೆರೆಯದೆ. ಜುಲೈಯಿಂದ ಈಚೆಗೆ ಮೂವತ್ತೆರಡು ಮಂದಿ. ಇಪ್ಪತ್ತೇಳು ನನ್ನ ಐಡಿಯಲ್ಲಿ, ಐದು ಪಕ್ಕದ ಟೇಬಲಿನ ಕಿರಣಕುಮಾರನದು. ಆಸ್ಪತ್ರೆಯವು ಒಂಬತ್ತು. ಉಳಿದವು ಬೇರೆ ಮೂರು ಸಂಸ್ಥೆಗಳವು — ಒಂದು ಬ್ಯಾಂಕ್, ಶಾಲೆಗಳ ಸಂಸ್ಥೆ, ಒಂದು ಗೋದಾಮು ಕಂಪನಿ. ಕಿರಣನಿಗೆ ಹೇಳಿದೆ. “ನಂಗೆ ಯಾಕ್ ಹೇಳಿದ್ರಿ ಮೇಡಂ,” ಎಂದ. ಸಂಜೆ ಹೋಗುವಾಗ ಬಂದು, “ನನ್ ಐದನ್ನೂ ಸೇರ್ಸಿ,” ಎಂದು ಹೇಳಿ ಹೋದ.

ಫೆಬ್ರವರಿ 21, ಶುಕ್ರವಾರ

ಬಸುಗೆ ಹೇಳಿದೆ. ಗಂಡ ಕೆ.ಆರ್. ಪುರದ ಗೋದಾಮಿನಲ್ಲಿ ಲೋಡಿಂಗ್ ನೋಡಿಕೊಳ್ಳುತ್ತಾನೆ. ಅವನಿಗೆ ಈ ವಿಳಾಸದ ಕಥೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ. ಎಲ್ಲರಿಗಿಂತ ಬೇಗ ಅರ್ಥವಾಯಿತು.

“ಅಂದ್ರ ಪಟ್ಟಿ ಹಳೇದು. ಮಂದಿ ಮನಿ ಬದಲಿ ಮಾಡ್ಯಾರ. ನೀವು ಹಳೇ ಮನಿ ನೋಡಿ ಕಳ್ಳ ಅಂದೀರಿ.”

“ಹೂಂ.”

“ಈಗ ನೀನs ಬರದು ಕೊಟ್ರ, ಪಟ್ಟಿ ತಪ್ಪು ಅನ್ನಂಗಿಲ್ಲ ಅವರು. ಶಾಂಭವಿ ತಪ್ಪು ಅಂತಾರ.”

“ಅಂತಾರ.”

ತಟ್ಟೆ ತೊಳೆದಿಟ್ಟು ಬಂದ. “ಬಾಡಿಗಿ ರೂಮಿನ್ಯಾಗ ಇರೋ ಮಂದಿ ನಾವು. ಕೆಲಸ ಬಿಟ್ರ ತ್ರಾಸ ಆಗ್ತದ,” ಎಂದ. ಆಮೇಲೆ, “ಹಿಂಗ ಉಣ್ಣದs ಕುಂತ್ರೂ ತ್ರಾಸs,” ಎಂದ.

ಫೆಬ್ರವರಿ 24, ಸೋಮವಾರ

ಬೆಳಗ್ಗೆ ಏಳೂವರೆ. ಫೈಲು ತೆರೆಯುವ ಮೊದಲೇ ಕಳಿಸಿದೆ. ನಾಲ್ಕು ಸಂಸ್ಥೆಗಳಿಗೆ ನಾಲ್ಕು ಮೇಲ್, ಕೆಳಗೆ ನನ್ನ ಸ್ವಂತ ಮೇಲ್ ಮತ್ತು ಫೋನ್ ನಂಬರ್. ಅವರವರ ಅಭ್ಯರ್ಥಿಗಳ ಪಟ್ಟಿ ಅವರವರಿಗೆ ಮಾತ್ರ. ಪ್ರತಿ ಹೆಸರಿನ ಮುಂದೆ, ಪರೀಕ್ಷೆಯ ದಿನ ಆ ವಿಳಾಸವನ್ನು ಯಾವ ನೆಟ್‌ವರ್ಕ್ ಸಾರುತ್ತಿತ್ತು ಎಂಬುದು. ಅದನ್ನು ಅವರೇ ನೋಡಿಕೊಳ್ಳುವುದು ಹೇಗೆ ಎಂಬುದು. ಕಲೀಮುಲ್ಲಾ ಅವರ ಪತ್ರ. ಮುನೀಂದ್ರ ಸರ್‌ಗೂ ಪ್ರತಿ.

ಕೊನೆಯಲ್ಲಿ ಬರೆದೆ — ಇಂಥ ಒಟ್ಟು ಮೂವತ್ತೆರಡರಲ್ಲಿ ಇಪ್ಪತ್ತೇಳನ್ನು ರದ್ದು ಮಾಡಿದ್ದು ನಾನು. ವಿಡಿಯೋ ನೋಡದೆ ಮಾಡಿದ್ದೇನೆ. ಒಂದನ್ನು ಈ ವಿಷಯ ತಿಳಿದ ಮೇಲೆ ಮಾಡಿದ್ದೇನೆ.

ಕಳಿಸಿದ ಮೇಲೆ ನಿದ್ದೆ ಬಂತು, ಅಷ್ಟೇ.

ಫೆಬ್ರವರಿ 25, ಮಂಗಳವಾರ

ಐಡಿ ಕಾರ್ಡ್ ತಿಕ್ಕಿದರೆ ಬಾಗಿಲು ತೆರೆಯಲಿಲ್ಲ. ಜಟ್ಟೆಪ್ಪ ಕುರ್ಚಿ ತಂದು ಹಾಕಿದ. ಮುನೀಂದ್ರ ಸರ್ ಕೆಳಗೆ ಬಂದರು. “ವಿಚಾರಣೆ ಮುಗಿಯೋವರೆಗೂ ಮನೇಲಿರಿ,” ಎಂದರು. ಆಮೇಲೆ ಗೇಟಿನವರೆಗೂ ಜೊತೆಗೇ ನಡೆದುಬಂದರು.

ಮಾರ್ಚ್ 7, ಶುಕ್ರವಾರ

ಹತ್ತು ದಿನ ಮಲಗಿದ್ದೇ ಹೆಚ್ಚು. ಬಸು ಡಬಲ್ ಶಿಫ್ಟ್ ಮಾಡುತ್ತಿದ್ದಾನೆ. ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲವೆಂದು ಮೊನ್ನೆ ಮೇಲ್ ಬಂತು.

ಇಂದು ಆಸ್ಪತ್ರೆಯಿಂದ ಫೋನ್. ಯಮುನಾ ಎಂದು, ನೇಮಕಾತಿ ಅಧಿಕಾರಿ. ಗಟ್ಟಿ ಧ್ವನಿ.

“ಒಂಬತ್ತು ವಿಡಿಯೋನೂ ನಾವೇ ನೋಡಿದ್ವಿ. ಒಂಬತ್ತೂ ಸರಿಯಾಗಿವೆ. ಪೇಪರ್ ತಿದ್ದಿಸಿದ್ವಿ. ಇಬ್ಬರು ಲಿಸ್ಟ್‌ಗೆ ಬರ್ತಾರೆ.”

“ಸಾಮಿಯಾ ಅಂತ...”

“ಎರಡನೇ ರ‍್ಯಾಂಕ್. ನಿಮಗೆ ಪರಿಚಯದೋರಾ?” ಧ್ವನಿಯಲ್ಲಿ ಅನುಮಾನ.

“ಇಲ್ಲ ಮೇಡಂ. ನಾನೇ ರದ್ದು ಮಾಡಿದ್ದೆ.”

“ಸರಿ,” ಎಂದು ಇಟ್ಟರು.

ಉಳಿದ ಮೂರರಲ್ಲಿ ಬ್ಯಾಂಕಿನವರು ಪರಿಶೀಲಿಸುತ್ತೇವೆ ಎಂದಿದ್ದಾರೆ. ಶಾಲೆಯವರು ಬರೆದಿದ್ದಾರೆ — ಫೆಬ್ರವರಿ ಇಪ್ಪತ್ತೆಂಟಕ್ಕೆ ನೇಮಕಾತಿ ಮುಗಿದಿದೆ, ವಿಷಾದಿಸುತ್ತೇವೆ. ಗೋದಾಮಿನವರಿಂದ ಏನೂ ಇಲ್ಲ.

ಮಾರ್ಚ್ 13, ಗುರುವಾರ

ಸಾಮಿಯಾಗೆ ಫೋನ್ ಮಾಡಿದ್ದೆ. ಲಿಸ್ಟ್ ಬಂದಿತ್ತು, ಅವಳ ಹೆಸರಿತ್ತು. “ಮನೆಗೆ ಬನ್ನಿ ಮೇಡಂ, ಅಮ್ಮಿ ನಿಮ್ಮನ್ನ ನೋಡ್ಬೇಕಂತೆ,” ಎಂದಳು. ಹೋಗಬಾರದೆಂದುಕೊಂಡೆ. ಹೋಗದಿದ್ದರೆ ಅದು ಇನ್ನೊಂದು ಸುಳ್ಳು.

ರಂಜಾನ್ ತಿಂಗಳು. ಸಂಜೆ ಆರಕ್ಕೆ ಗಲ್ಲಿ ತುಂಬ ಜನ. ವಿಡಿಯೋದಲ್ಲಿ ನೋಡಿದ್ದ ಹಸಿರು ಗೋಡೆ. ಅವಳ ಅಮ್ಮ ಕಮರುನ್ನೀಸಾ ನನ್ನ ಎರಡೂ ಕೈ ಹಿಡಿದುಕೊಂಡರು. ಕನ್ನಡ ಕಡಿಮೆ. “ಅಲ್ಲಾ ಒಳ್ಳೇದ್ ಮಾಡ್ಲಿ ಬೇಟಿ,” ಎಂದರು. ಕೈ ಬಿಡಿಸಿಕೊಳ್ಳಲಾಗಲಿಲ್ಲ. ಅವರು ಅಡುಗೆಮನೆಗೆ ಹೋದ ಮೇಲೆ ಹೇಳಿದೆ.

“ಸಾಮಿಯಾ, ನಿಮ್ಮ ಪರೀಕ್ಷೆ ರದ್ದು ಮಾಡಿದ್ದು ನಾನೇ.”

ಅರ್ಥವಾಗಲಿಲ್ಲ ಎಂಬಂತೆ ನೋಡಿದಳು. “ನೀವು ಸರಿ ಮಾಡ್ಸಿದ್ರಿ ಅಲ್ವಾ?”

“ಅದೂ ನಾನೇ. ಮೊದಲು ರದ್ದು ಮಾಡಿದ್ದೂ ನಾನೇ.”

“ಅವತ್ತು ಟೀ ಅಂಗಡೀಲಿ ಗೊತ್ತಿತ್ತಾ ನಿಮಗೆ?”

“ಅವತ್ತು ಗೊತ್ತಿರಲಿಲ್ಲ. ಮಾರನೇ ದಿನ ಗೊತ್ತಾಯ್ತು.”

“ಎಷ್ಟೊತ್ತು ನೋಡಿದ್ರಿ ನನ್ ಫೈಲ್‌ನ?”

“ನಲವತ್ತು ಸೆಕೆಂಡ್.”

ದುಪಟ್ಟಾದ ಅಂಚು ಮಡಚುತ್ತಾ, ಬಿಚ್ಚುತ್ತಾ ಕೂತಳು. “ಎರಡು ವರ್ಷ ಓದಿದ್ದೆ ಮೇಡಂ. ಡ್ಯೂಟಿ ಮುಗಿಸ್ಕೊಂಡ್ ಬಂದು. ರದ್ದಾದ್ಮೇಲೆ ಗಲ್ಲಿಲಿ ಎಲ್ರೂ ಕಾಪಿ ಹೊಡ್ದಿದಾಳೆ ಅಂದ್ರು. ಅಮ್ಮಿ ಎರಡು ತಿಂಗಳು ಮದುವೆ ಮನೆಗೂ ಹೋಗ್ಲಿಲ್ಲ.”

ಎದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಹಿಂದೆ ಬಂದಳು.

“ಇಫ್ತಾರ್ ಟೈಮಾಯ್ತು. ಈಗ ಹೋಗ್ಬೇಡಿ. ಅಮ್ಮಿ ಮಧ್ಯಾಹ್ನದಿಂದ ಮಾಡ್ತಿದಾರೆ. ನನ್ಗೋಸ್ಕರ ಅಲ್ಲ, ಅಮ್ಮಿಗೋಸ್ಕರ ಕೂತ್ಕೊಳ್ಳಿ.”

ಕೂತೆ. ಖರ್ಜೂರ, ಗಂಜಿ, ಸಮೋಸಾ. ಕಮರುನ್ನೀಸಾ ಮತ್ತೆ ಮತ್ತೆ ಬಡಿಸಿದರು. ಸಾಮಿಯಾ ನನ್ನ ಕಡೆ ನೋಡಲಿಲ್ಲ. ನನ್ನ ಲೋಟಕ್ಕೆ ನೀರು ಮಾತ್ರ ಅವಳೇ ಹಾಕಿದಳು.

ಮಾರ್ಚ್ 20, ಗುರುವಾರ, ಬೆಳಗ್ಗೆ 10.40

ಗುಲ್‌ಜಾರ್ ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಕಲೀಮುಲ್ಲಾ ಫೋನ್ ಮಾಡಿದ್ದರು. “ಅಮ್ಮಾ, ನಮ್ ಕಸ್ಟಮರ್ ಒಬ್ಬ ಬಂದಿದ್ದ. ಹೆಸರು ನಯಾಜ್. ನೀವು ಹೇಳಿದ್ರಲ್ಲ, ಅಂಥದ್ದೇ ಕೇಸು. ಪರೀಕ್ಷೆ ರದ್ದಾದ ಕಾಗದ ತಂದಿದ್ದ. ನಮ್ ಲೈನಿಂದಾನೇ ಹೀಗಾಯ್ತು ಅಂತ ಜಗಳ ಆಡಿದ. ಏನ್ ಹೇಳ್ಬೇಕೋ ತಿಳೀಲಿಲ್ಲ. ನಿಮಗೆ ತಿಳಿದಿರೋದು ಹೇಳ್ತೀರಾ?”

ಬರುತ್ತೇನೆ ಎಂದೆ. ಹನ್ನೊಂದಕ್ಕೆ ಬರುತ್ತಾನಂತೆ. ಟ್ಯೂಷನ್ ಹೇಳಿ ಮನೆ ನಡೆಸುವವನು, ತಂಗಿ ಓದುತ್ತಿದ್ದಾಳೆ, ಇಷ್ಟು ಕಲೀಮುಲ್ಲಾ ಹೇಳಿದರು. ಶಾಲೆಯವರಿಗೆ ನಾನು ಮತ್ತೆ ಎರಡು ಸಲ ಬರೆದೆ. ಅದೇ ಉತ್ತರ. ಸಾಮಿಯಾಗೆ ಕೊಡಲು ಕೈಯಲ್ಲಿ ಏನೋ ಇತ್ತು. ಇವನಿಗೆ ಏನೂ ಇಲ್ಲ.

ಕಲೀಮುಲ್ಲಾ ಟೀ ತರಿಸಿದ್ದಾರೆ. ಉಪವಾಸವಿದ್ದೂ ನನಗಾಗಿ ತರಿಸಿದ್ದಾರೆ. ಆರುತ್ತಿದೆ.

ಮೊದಲ ಮಾತು ಏನಿರಬೇಕೆಂದು ಬರೆದುಕೊಳ್ಳೋಣವೆಂದು ಪುಸ್ತಕ ತೆಗೆದೆ. ಲೈನಿನ ತಪ್ಪಲ್ಲ ಎಂದು ಶುರುಮಾಡಲೇ... ಪಟ್ಟಿ ಹಳೆಯದಿತ್ತು ಎಂದರೆ ನಿಜ, ಆದರೆ ಅವನ ವಿಷಯದಲ್ಲಿ ಅಷ್ಟೇ ಅಲ್ಲ. ನೇರವಾಗಿ ಹೇಳಬೇಕು. ನಯಾಜ್, ನನ್ನ ಹೆಸರು ಶಾಂಭವಿ. ಫೆಬ್ರವರಿ ಹದಿಮೂರರಂದು ನೀವು ಮೋಸ ಮಾಡಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು —

ಮೆಟ್ಟಿಲ ಮೇಲೆ ಹೆಜ್ಜೆ. ಇನ್ನೂ ಹನ್ನೊಂದಾಗಿಲ್ಲ, ಬೇರೆ ಯಾರಾದರೂ ಇರಬಹುದು... ಕಲೀಮುಲ್ಲಾ ಎದ್ದು ನಿಂತರು. “ಬಾಪ್ಪಾ ನಯಾಜ್,” ಎಂದರು. ಪುಸ್ತಕ ಮುಚ್ಚುತ್ತೇನೆ.